ಮೂರನೆಯ ಮನೆಯ ಮುಂದಿನ ಹಳದಿ ಕುರ್ಚಿಯವರ ಸನ್ನಿಧಾನಕ್ಕೆ

ಶಿಕಾಗೊ
ಫೆಬ್ರವರಿ ಇಪ್ಪತ್ತು

ಮಾನ್ಯ ಹಳದಿ ಕುರ್ಚಿಯವರೇ,

ನಾಲ್ಕು ಸ್ಟೀಲಿನ ಕಾಲುಗಳ ಮೇಲೆ ಅಚಲವಾಗಿ ನಿಂತು, ಹರಿದ ರೆಕ್ಸಿನ್ನಿಗೆ ಬೂದು ಟೇಪಿನ ಪಟ್ಟಿ ಅಂಟಿಸಿಕೊಂಡು, ಕಳೆದ ಜನವರಿ ಹದಿನಾಲ್ಕರವರೆಗೆ ನಮ್ಮ ಬೀದಿಯ ಮೂರನೆಯ ಮನೆಯ ಎದುರಿನ ಹದಿನೆಂಟು ಅಡಿ ಜಾಗವನ್ನು ಏಕಾಂಗಿಯಾಗಿ ಆಳುತ್ತಿದ್ದ ತಮಗೆ, ಅದೇ ಬೀದಿಯ ಆರನೆಯ ಮನೆಯ ಬಾಡಿಗೆದಾರನೂ, ಆಸ್ಪತ್ರೆಯೊಂದರಲ್ಲಿ ಜನರ ಎಲುಬುಗಳ ಎಕ್ಸ್-ರೇ ತೆಗೆದು ಹೊಟ್ಟೆ ಹೊರೆಯುವವನೂ, ಫಿಲಿಪ್ಪೀನ್ಸಿನ ಇಲೊಯಿಲೊದಿಂದ ಬಂದು ಈ ಊರಿನ ಹನ್ನೊಂದು ಚಳಿಗಾಲಗಳನ್ನು ಜೀವಸಹಿತ ದಾಟಿದವನೂ ಆದ ನೆಸ್ಟರ್ ಪಲ್ಮಾರೆಸ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬಾಯಿಮಾತಿಗೆ ಬರೆದಿದ್ದೇನೆಂದು ತಾವು ತಿಳಿಯಬಾರದು. ಆ ದಿನ ತಮ್ಮ ಕಡೆ ಓಡಿ ಬರುವಾಗ ಗಡ್ಡೆಗಟ್ಟಿದ ಫುಟ್‌ಪಾತಿನ ಮೇಲೆ ಎರಡು ಸಲ ಅದೇ ಭಂಗಿಯಲ್ಲಿ ಬಿದ್ದಿದ್ದೇನೆ, ಎಡ ಮೊಣಕೈಯ ಎಕ್ಸ್-ರೇಯನ್ನು ಮರುದಿನ ನಾನೇ ತೆಗೆದುಕೊಂಡಿದ್ದೇನೆ.

ದೂರಿಗೆ ಕೈ ಹಾಕುವ ಮೊದಲು ತಮ್ಮ ಅಧಿಕಾರವನ್ನು ಕೊಂಡಾಡುವುದು ನನ್ನ ಕರ್ತವ್ಯ. ಹಿಮ ಸುರಿದು ನಿಂತ ಮೇಲೆ ಯಾವನು ಸೊಂಟ ಮುರಿಯುವಂತೆ ಸಲಿಕೆಯಲ್ಲಿ ತೋಡಿ ತನ್ನ ಕಾರನ್ನು ಬಿಡಿಸಿಕೊಳ್ಳುತ್ತಾನೋ, ಅವನು ಕಾರು ತೆಗೆದುಕೊಂಡು ಹೊರಗೆ ಹೋಗುವಾಗ ಆ ಖಾಲಿ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋದರೆ ಸಾಕು, ವಾಪಸು ಬರುವ ತನಕ ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ. ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದರೆ, ಹತ್ತಿ ಬರುವಷ್ಟರಲ್ಲಿ ಅದೇ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಇನ್ನೊಬ್ಬ ಕೂತಿರುತ್ತಾನೆ. ತಮ್ಮ ವಿಷಯದಲ್ಲಿ ಅಂಥ ಸಲಿಗೆ ಯಾರಿಗೂ ಇಲ್ಲ. ತಮ್ಮನ್ನು ಪಕ್ಕಕ್ಕೆ ಸರಿಸಿ ಕಾರು ನಿಲ್ಲಿಸಿದವನ ಟೈರಿನ ಗಾಳಿ ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ, ಇಲ್ಲವೇ ಯಾರೋ ಪುಣ್ಯಾತ್ಮರು ಪೈಪಿನಲ್ಲಿ ನೀರು ಬಿಟ್ಟು ಇಡೀ ಕಾರನ್ನು ಮಂಜುಗಡ್ಡೆಯ ಡಬ್ಬಿ ಮಾಡಿ ಬಿಟ್ಟಿರುತ್ತಾರೆ. ಪೊಲೀಸರಿಗೂ ಪಾದ್ರಿಗಳಿಗೂ ಸಿಗದ ಈ ಮರ್ಯಾದೆ ಅಡುಗೆಮನೆಯ ಹಳೆಯ ಕುರ್ಚಿಯೊಂದಕ್ಕೆ ಸಿಗುವುದನ್ನು ಕಂಡು ನಾನು ನನ್ನ ಮೊದಲ ಚಳಿಗಾಲದಲ್ಲೇ ತಲೆಬಾಗಿದೆ. ನನ್ನ ಮನೆಯ ಮುಂದೆ ಇಡಲು ಕುರ್ಚಿಯಿಲ್ಲದೆ, ಇಲೊಯಿಲೊದಿಂದ ಹೊತ್ತು ತಂದು ಇಲ್ಲಿ ಒಂದು ದಿನವೂ ತಿರುಗಿಸದ ಸ್ಟ್ಯಾಂಡ್ ಫ್ಯಾನನ್ನೇ ಪ್ರತಿ ವರ್ಷ ನೇಮಿಸುತ್ತಾ ಬಂದಿದ್ದೇನೆ. ಆ ಫ್ಯಾನು ತಮ್ಮ ಕೈಕೆಳಗಿನ ನೌಕರ ಎಂದೇ ತಾವು ಭಾವಿಸಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ತಾಯಿ, ಎಪ್ಪತ್ತೊಂದು ವರ್ಷದ ಫೆಲಿಸಿತಾಸ್, ನಾನು ನಾನಾಯ್ ಎಂದು ಕರೆಯುವವಳು, ಕಳೆದ ಸೆಪ್ಟೆಂಬರಿನಲ್ಲಿ ನನ್ನ ಬಳಿಗೆ ಬಂದಳು. ಬರುವಾಗಲೇ ಫೆಬ್ರವರಿ ಹದಿನೆಂಟಕ್ಕೆ ವಾಪಸಿನ ಟಿಕೆಟ್ ಮಾಡಿಸಿಕೊಂಡು ಬಂದು, ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಷರತ್ತು ಹಾಕಿದಳು. "ಒಂದು ಚಳಿಗಾಲ ನೋಡ್ತೀನಿ ಕಣೋ ತೋತೋ. ಹಿಡಿಸಿದ್ರೆ ಇಲ್ಲೇ ಇರ್ತೀನಿ. ಹಿಡಿಸ್ಲಿಲ್ವಾ, ಹೋದೋಳು ಮತ್ತೆ ಬರಲ್ಲ, ಈ ವಯಸ್ಸಲ್ಲಿ ಹಕ್ಕಿ ಥರ ಹಾರಾಡೋಕೆ ನನ್ನ ಕೈಲಾಗಲ್ಲ." ಅವಳ ಬಾಯಲ್ಲಿ ನಾನು ಈಗಲೂ ತೋತೋ, ಅಂದರೆ ಪುಟ್ಟ. ಅವಳನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ. ಹನ್ನೊಂದು ವರ್ಷ ಫೋನಿನ ಗಾಜಿನಲ್ಲಿ ಅವಳ ಹಣೆಯನ್ನು ಮಾತ್ರ ನೋಡಿಕೊಂಡು ಬದುಕಿದವನು ನಾನು. ಅವಳು ಫೋನನ್ನು ಎಂದೂ ಸರಿಯಾಗಿ ಹಿಡಿದವಳಲ್ಲ. ಆದ್ದರಿಂದ ಅವಳು ಇಲ್ಲಿ ಉಳಿಯಲೇಬೇಕೆಂದು ನಾನು ಕಂಡಕಂಡ ಸುಳ್ಳುಗಳನ್ನೆಲ್ಲ ಹೇಳಿದೆ. ಹಿಮ ಎಂದರೆ ವಾರಕ್ಕೊಮ್ಮೆ ಉದುರುವ ಹತ್ತಿ ಎಂದೆ. ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಆರೋಗ್ಯಕ್ಕೆ ಒಳ್ಳೆಯದೆಂದೆ. ಸಲಿಕೆ, ಉಪ್ಪು, ಕುರ್ಚಿ, ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಅದೇ ನಾನು ಮಾಡಿದ ಘನಂದಾರಿ ತಪ್ಪು.

ಅವಳು ಚಳಿಗೆ ಹೆದರುವ ಪೈಕಿಯಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಡಿಸೆಂಬರಿನಲ್ಲಿ ನನ್ನ ಪ್ಯಾಂಟನ್ನು ಒಗೆದು ಹಿತ್ತಿಲಿನ ತಂತಿಗೆ ಹಾಕಿ, ಅದು ಹಲಗೆಯಾದ ಮೇಲೆ ತಂದು ಬಾಗಿಲಿಗೆ ಒರಗಿಸಿ ನಿಲ್ಲಿಸಿ, "ನೋಡೋ, ನೀನಿಲ್ಲದೇನೇ ನಿನ್ನ ಪ್ಯಾಂಟು ಮನೆ ಕಾಯ್ತಾ ಇದೆ" ಎಂದು ಮಧ್ಯಾಹ್ನವಿಡೀ ನಕ್ಕವಳು ಅವಳು. "ಬಿಸಿಲಿದೆ, ಬಿಸೀನೇ ಇಲ್ಲ. ಇದೆಂಥಾ ಬಿಸಿಲೋ, ಫೋಟೋದಲ್ಲಿರೋ ಥರ" ಎಂದು ಗೊಣಗಿದ್ದಳು, ಅಷ್ಟೇ. ಅವಳಿಗೆ ಹಿಡಿಸದೆ ಹೋದದ್ದು ಬೇರೆ. ನಾಲ್ಕು ತಿಂಗಳಲ್ಲಿ ನೆರೆಹೊರೆಯ ಒಂದು ನರಪಿಳ್ಳೆಯೂ ನಮ್ಮ ಬಾಗಿಲು ತಟ್ಟಿರಲಿಲ್ಲ. ಕಿಟಕಿಯ ಬಳಿ ಕೂತು ಬೀದಿಯನ್ನು ನೋಡುತ್ತಾ, "ಇಲ್ಲಿ ಜನ ಇದಾರೋ ಇಲ್ವೋ? ಸಂಜೆಯಾದ್ರೆ ಎಲ್ಲಾ ಮನೇಲೂ ದೀಪ ಹತ್ತುತ್ತೆ, ಹೊತ್ತಿಸೋರು ಮಾತ್ರ ಕಾಣಲ್ಲ" ಎನ್ನುತ್ತಿದ್ದಳು. ಕ್ರಿಸ್ಮಸ್ಸಿಗೆ ಬೀದಿಯವರಿಗೆಲ್ಲ ಹಂಚಲೆಂದು ಮಾಡಿದ ತೆಂಗಿನಕಾಯಿಯ ಅಕ್ಕಿ ಕಡುಬನ್ನು, ಬಾಗಿಲು ತೆರೆಯುವವರಿಲ್ಲದೆ ನಾವಿಬ್ಬರೇ ಜನವರಿ ಐದರವರೆಗೆ ತಿಂದೆವು. ಅವಳು ಆಗಲೇ ಪೆಟ್ಟಿಗೆಗೆ ಬಟ್ಟೆ ಮಡಚಿಡತೊಡಗಿದ್ದಳು.

ಹೀಗಿರುವಾಗ ಜನವರಿ ಹದಿಮೂರರಂದು, ಈ ಚಳಿಗಾಲದಲ್ಲಿ ಮೊದಲ ಸಲ, ಎರಡು ಅಡಿ ಹಿಮ ಬಿತ್ತು. ಸಂಜೆ ಮೂರು ಗಂಟೆ ಕಾಲ ನಾನು ಕಾರಿನ ಸುತ್ತ ತೋಡಿದೆ, ಬೆಳಿಗ್ಗೆ ಅವಳು ಏಳುವ ಮೊದಲೇ ಜಾಗದಲ್ಲಿ ಫ್ಯಾನನ್ನು ನಿಲ್ಲಿಸಿ ಕೆಲಸಕ್ಕೆ ಹೊರಟೆ. ಎಂಟು ಗಂಟೆಗೆ ನಾನಾಯ್ ಪರದೆ ಸರಿಸಿ ನೋಡಿದಾಗ ಬೀದಿಯುದ್ದಕ್ಕೂ, ಮನೆಗೊಂದರಂತೆ, ಕುರ್ಚಿಗಳು ಬಂದು ಕೂತಿದ್ದವು. ಮಾನ್ಯರೇ, ನಮ್ಮ ದೇಶದಲ್ಲಿ ಮನೆಯ ಮುಂದೆ ರಸ್ತೆಗೆ ಕುರ್ಚಿ ಬಂತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಶವ ಒಳಗಿರುತ್ತದೆ, ಕುರ್ಚಿಗಳು ಹೊರಗಿರುತ್ತವೆ, ಬೀದಿಯವರೆಲ್ಲ ಸರದಿಯ ಮೇಲೆ ಬಂದು ಕೂತು, ಕಾಫಿ ಕುಡಿದು, ಇಸ್ಪೀಟಾಡಿ, ಸತ್ತವರನ್ನೂ ಉಳಿದವರನ್ನೂ ಒಂಟಿಯಾಗಿ ಬಿಡದೆ ಕಾಯುತ್ತಾರೆ. ಕುರ್ಚಿ ಖಾಲಿ ಬಿಟ್ಟರೆ ಮನೆಯವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನಾಯ್ ಬೆರಳು ಮಡಚಿ ಎಣಿಸಿದಳು. ಒಂದು ರಾತ್ರಿಯಲ್ಲಿ ಏಳು ಸಾವು! ಎಲ್ಲ ಕುರ್ಚಿಗಳೂ ಖಾಲಿ! ಎದುರು ಮನೆಯ ಮುಂದೆ ಕುರ್ಚಿಯ ಬದಲು ಇಸ್ತ್ರಿ ಮೇಜು ನಿಂತಿದ್ದನ್ನು ನೋಡಿ, "ಅಯ್ಯೋ ಪಾಪ, ಕುರ್ಚಿಗೂ ಗತಿಯಿಲ್ಲದ ಮನೆ" ಎಂದು ಕಣ್ಣೀರು ಹಾಕಿದಳು. ಅಷ್ಟಕ್ಕೂ ಸಂಶಯ ಉಳಿದಿದ್ದರೆ ಅದನ್ನು ನಮ್ಮ ಮನೆಯ ಮುಂದಿನ ಫ್ಯಾನು ಪರಿಹರಿಸಿತು. ಸಾವಿನ ಮನೆಗೆ ಬಂದವರಿಗೆ ಸೆಖೆಯಾಗದಿರಲೆಂದು ಮಗ ಫ್ಯಾನನ್ನೂ ಹೊರಗಿಟ್ಟಿದ್ದಾನೆ, ತಾಯಿ ಹೆದರಿಕೊಳ್ಳುತ್ತಾಳೆಂದು ಸುದ್ದಿ ಮಾತ್ರ ಮುಚ್ಚಿಟ್ಟು ಹೋಗಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಹೊರಗೆ ಆಗ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು.

ಮುಂದಿನದಕ್ಕೆ ತಾವೇ ಸಾಕ್ಷಿ. ಶುಂಠಿ, ಬೆಳ್ಳುಳ್ಳಿ, ಕೋಳಿ ಹಾಕಿದ ಅಕ್ಕಿ ಗಂಜಿಯನ್ನು ಅವಳು ದೊಡ್ಡ ಪಾತ್ರೆಯ ತುಂಬ ಬೇಯಿಸಿದಳು. ತನ್ನ ಎಲ್ಲ ಸ್ವೆಟರುಗಳ ಮೇಲೆ ನನ್ನ ಎರಡು ಕೋಟು ತೊಟ್ಟು, ಚಪ್ಪಲಿಗೆ ಕಸದ ಚೀಲ ಸುತ್ತಿ, ಜಪಸರ ಹಿಡಿದು, ಪಾತ್ರೆಯನ್ನು ನನ್ನ ಸಲಿಕೆಯ ಮೇಲೆ ಕೂರಿಸಿ ಎಳೆದುಕೊಂಡು ಬೀದಿಗಿಳಿದಳು. ಏಳರಲ್ಲಿ ಅತಿ ಮುರುಕಲಾದ ಕುರ್ಚಿಯ ಮನೆಗೇ ಮೊದಲು ಹೋಗಬೇಕು, ಅಲ್ಲಿ ಬಂದು ಕೂರುವವರು ಯಾರೂ ಇರುವುದಿಲ್ಲ ಎಂಬುದು ಅವಳ ಲೆಕ್ಕ. ಅಪರಾಧ ಕ್ಷಮಿಸಬೇಕು, ಆ ಗೌರವ ತಮಗೆ ಸಂದದ್ದು ಹಾಗೆ. ತಮ್ಮ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿ ಅವಳು ಕೂತಳು. ತಮ್ಮನ್ನು ಸರಿಸಿದವನಿಗೆ ಏನು ಶಿಕ್ಷೆ ಎಂದು ಈ ಊರಿನ ಕೂಸಿಗೂ ಗೊತ್ತು. ತಮ್ಮ ಮೇಲೆ ಬಂದು ಕೂತವರಿಗೆ ಏನು ಮಾಡಬೇಕೆಂದು ಮಾತ್ರ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ತಾವು ಕೂರುವುದಕ್ಕೂ ಬರುತ್ತೀರಿ ಎಂಬುದನ್ನೇ ಜನ ಮರೆತಿದ್ದರು.

ತಮ್ಮ ಯಜಮಾನರು, ಟೈಲ್ಸ್ ಕೂರಿಸುವ ಕೆಲಸದಿಂದ ನಿವೃತ್ತರಾದ ಶ್ರೀ ಬೊಗ್ದಾನ್ ಸ್ತಾಖುರಾ ಅವರು, ಔಷಧಿ ತರಲು ಹೋದವರು ಹತ್ತೂವರೆಗೆ ಕಾರಿನಲ್ಲಿ ವಾಪಸು ಬಂದರು. ಹನ್ನೊಂದು ವರ್ಷಗಳಲ್ಲಿ ನಾನು ಅವರ ಬಾಯಿಂದ ಕೇಳಿದ ಮಾತು ಒಂದೇ, "ಆ ಕಡೆ ಎಸಿ ನಿನ್ನ ಹಿಮಾನ." ಅವರು ಒಮ್ಮೆ ಹಾರ್ನ್ ಹೊಡೆದರು. ದುಃಖದಲ್ಲಿರುವವರು ಹಾಗೇ ಆಡುವುದೆಂದು ಬಲ್ಲ ನನ್ನ ತಾಯಿ ಶಿಲುಬೆಯ ಗುರುತು ಮಾಡಿ ತಲೆಯಾಡಿಸಿದಳು. ಮತ್ತೊಮ್ಮೆ ಹೊಡೆದರು. ಅವಳು ಜಪಸರದ ಇನ್ನೊಂದು ಮಣಿ ಸರಿಸಿದಳು. ತನ್ನ ಮನೆಯ ಕಾರಿಗೆ ಜಾಗ ಹಿಡಿಯಲು ಜೀವಂತ ಮುದುಕಿಯನ್ನೇ ಇಟ್ಟು ಹೋದ ಆ ನೀಚನಾರು ಎಂದು ಹಲ್ಲು ಕಡಿಯುತ್ತಾ ಬೊಗ್ದಾನರು ಇಳಿದು ಬಂದು ಕೂಗಿದರು. "ಏನಮ್ಮಾ! ನಿಂಗೇನು ತಲೆ ಕೆಟ್ಟಿದ್ಯಾ? ಇದು ನನ್ನ ಜಾಗ, ಇದು ನನ್ನ ಕುರ್ಚಿ!" ನಾನಾಯ್ ಎದ್ದು ನಿಂತು, ಅವರ ಎರಡೂ ತೋಳು ಹಿಡಿದುಕೊಂಡು, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಕೇಳಿದಳು. "ಗೊತ್ತಪ್ಪಾ, ಗೊತ್ತು. ಸಮಾಧಾನ ಮಾಡ್ಕೋ. ನಿನ್ನ ಮನೇಲಿ ತೀರ್ಕೊಂಡಿದ್ದು ಯಾರು?"

ಈ ಪ್ರಶ್ನೆಗೆ ಯಾರಾದರೂ ಕೊಡುವ ಉತ್ತರ "ಯಾರೂ ಇಲ್ಲ, ಎದ್ದು ಹೋಗು" ಎಂಬುದೇ ಆಗಿರಬೇಕಿತ್ತು. ಹಾಗೆ ಆಗಿದ್ದಿದ್ದರೆ ಈ ಪತ್ರ ಬರೆಯುವ ದುರ್ಗತಿ ನನಗೆ ಬರುತ್ತಿರಲಿಲ್ಲ. ಬೊಗ್ದಾನರು "ಹಲೀನಾ" ಎಂದರು. ಹಲೀನಾ ಅವರ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು. ಮಣ್ಣು ಮಾಡಿದ ದಿನವೂ ಹೀಗೇ ಹಿಮಗಾಳಿ ಬೀಸಿ ದಾರಿಗಳೆಲ್ಲ ಮುಚ್ಚಿದ್ದವು. "ಪಾದ್ರಿ ಬಂದ, ನಾನಿದ್ದೆ. ಇನ್ಯಾರೂ ಬರೋಕಾಗ್ಲಿಲ್ಲ. ಹಿಮ ಕರಗಿದ ಮೇಲೂ ಯಾರೂ ಬರ್ಲಿಲ್ಲ. ನಾನೂ ಕರೀಲಿಲ್ಲ." ಅಡುಗೆಮನೆಯಲ್ಲಿ ಎರಡು ಹಳದಿ ಕುರ್ಚಿಗಳಿದ್ದವಂತೆ. ಅದರಲ್ಲಿ ಹಲೀನಾ ಕೂರುತ್ತಿದ್ದುದು ತಮ್ಮ ಮೇಲೆ. ಊಟಕ್ಕೆ ಕೂತಾಗ ತಾವು ಎದುರಿಗೆ ಖಾಲಿ ಕಾಣುವುದನ್ನು ತಡೆಯಲಾರದೆ ಅವರು ತಮ್ಮನ್ನು ಬೀದಿಯ ಕೆಲಸಕ್ಕೆ ಹಾಕಿದ್ದಂತೆ. ಇದನ್ನು ತಾವು ನನಗೆ ಮೊದಲೇ ತಿಳಿಸಬಹುದಿತ್ತು. ಹೋದ ಚಳಿಗಾಲವಿಡೀ ತಮ್ಮ ಪಕ್ಕದಲ್ಲೇ ಓಡಾಡಿದ್ದೇನೆ, ಒಂದು ದಿನವೂ ತುಟಿ ಬಿಚ್ಚಲಿಲ್ಲ. ನಾನೂ ಕೇಳಲಿಲ್ಲ ಎಂಬುದು ಬೇರೆ ಮಾತು, ಈ ಪತ್ರದಲ್ಲಿ ದೂರು ಕೊಡುತ್ತಿರುವವನು ನಾನು.

ಹಲೀನಾ ಯಾವಾಗ ಸತ್ತಳು, ಏಕೆ ಸತ್ತಳು ಎಂದೇನೂ ನಾನಾಯ್ ಕೇಳಲಿಲ್ಲ. ಬೀದಿಯ ಮಧ್ಯದಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೇ ಗಂಜಿ ಬಡಿಸಿದಳು. ಬೊಗ್ದಾನರು ಒಳಗೆ ಹೋಗಿ ತಮ್ಮ ಜೋಡಿ ಕುರ್ಚಿಯನ್ನು ತಂದು ತಮ್ಮ ಪಕ್ಕ ಹಾಕಿಕೊಂಡು ಕೂತರು. ದಾರಿ ಅಡ್ಡಗಟ್ಟಿದ್ದಕ್ಕೆ ಬೈಯಲೆಂದು ಇಸ್ತ್ರಿ ಮೇಜಿನ ಮನೆಯ ಡೊರೀನ್, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಗಂಟಲು ಹರಿತ ಮಾಡಿಕೊಂಡವಳು, ಬಾಗಿಲಿಗೆ ಬಂದು ಅರಚಿದಳು. "ಏನ್ರೀ ಬೊಗ್ದಾನ್, ರಸ್ತೆ ನಿಮ್ಮಪ್ಪಂದಾ? ಪಿಕ್ನಿಕ್ ಮಾಡ್ತಿದೀರಾ?" "ಹಲೀನಾಗೆ ಕೂತಿದೀವಿ" ಎಂದರು ಬೊಗ್ದಾನರು. ಡೊರೀನ್ ಒಳಗೆ ಹೋಗಿ, ಇಸ್ಪೀಟು ಎಲೆ ಹಿಡಿದು, ತನ್ನ ಇಸ್ತ್ರಿ ಮೇಜನ್ನೂ ಎಳೆದುಕೊಂಡು ಬಂದಳು. ಎಲೆ ಹಾಕುವುದಕ್ಕೆ ಮೇಜು ಬೇಕಿತ್ತಲ್ಲ. ಅವಳನ್ನು ನೋಡಿ ಉಳಿದವರು ಬಂದರು, ಬರುವಾಗ ತಮ್ಮತಮ್ಮ ಜಾಗದಲ್ಲಿದ್ದ ಕುರ್ಚಿಗಳನ್ನು ಹೊತ್ತುಕೊಂಡೇ ಬಂದರು.

ಇಲ್ಲಿಗೆ ನನ್ನ ದೂರಿನ ಮೂಲಕ್ಕೆ ಬಂದೆವು. ಮಧ್ಯಾಹ್ನ ಮೂರಕ್ಕೆ, ಯಾರದೋ ಪಕ್ಕೆಲುಬಿನ ಮುಂದೆ ನಿಂತಿದ್ದಾಗ, ನನ್ನ ಫೋನಿಗೆ ತಾಯಿಯ ಸಂದೇಶ ಬಂತು. "ತೋತೋ, ಬೀದೀಲಿ ಏಳು ಸಾವಾಗಿದೆ. ನಾನು ಮೂರನೇ ಮನೇಲಿದೀನಿ. ಬರ್ತಾ ಕಾಫಿಪುಡಿ ತಾ." ವಿಷಾನಿಲವೋ, ಬೆಂಕಿಯೋ, ಏನೋ ಆಗಿ ಬೀದಿಯೇ ನಾಶವಾಗಿದೆ ಎಂದುಕೊಂಡು, ಆ ಪಕ್ಕೆಲುಬಿನವರನ್ನು ಉಸಿರು ಬಿಗಿಹಿಡಿದ ಸ್ಥಿತಿಯಲ್ಲೇ ಇನ್ನೊಬ್ಬರಿಗೆ ಒಪ್ಪಿಸಿ ಓಡಿದೆ. ಬಂದು ನೋಡಿದರೆ ಅಧಿಕಾರಿ ವರ್ಗವೆಲ್ಲ ಹುದ್ದೆ ಬಿಟ್ಟು ಹೋಗಿತ್ತು. ಖಾಲಿಯಾದ ಜಾಗಗಳಲ್ಲೆಲ್ಲ ಯಾವಯಾವುದೋ ಬೀದಿಯ ಕಾರುಗಳು ನಿಂತಿದ್ದವು. ನಾನು ಮೂರು ಗಂಟೆ ಬೆನ್ನು ಮುರಿದುಕೊಂಡ ಜಾಗದಲ್ಲಿ ಕಂದು ಬಣ್ಣದ ವ್ಯಾನೊಂದು ಹಾಯಾಗಿತ್ತು. ಹನ್ನೊಂದು ಬೀದಿ ಆಚೆ ಕಾರು ಬಿಟ್ಟು, ಮೇಲೆ ನಿವೇದಿಸಿಕೊಂಡಂತೆ ಎರಡು ಸಲ ಬಿದ್ದು, ಏದುಸಿರು ಬಿಡುತ್ತಾ ತಲುಪಿದಾಗ ನಾನು ಕಂಡದ್ದೇನು? ತಾವು ನಡುವೆ, ತಮ್ಮ ಮೇಲೆ ನನ್ನ ತಾಯಿ, ಸುತ್ತ ಬೀದಿಯ ಕುರ್ಚಿಗಳೆಲ್ಲ, ಒಂದು ಕಡೆ ಯಾರೋ ಹೊತ್ತು ತಂದ ನನ್ನ ಫ್ಯಾನು. ಬೊಗ್ದಾನರು ಅಳುತ್ತಾ ಗಂಜಿ ಉಣ್ಣುತ್ತಿದ್ದರು, ಡೊರೀನ್ ಇಸ್ಪೀಟಿನಲ್ಲಿ ಎಲ್ಲರಿಗೂ ಮೋಸ ಮಾಡುತ್ತಿದ್ದಳು. "ಕಾಫಿಪುಡಿ ತಂದ್ಯೇನೋ?" ಎಂದಳು ನನ್ನ ತಾಯಿ.

ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಈ ಕುರ್ಚಿಗಳ ನಿಜವಾದ ಉದ್ಯೋಗವೇನೆಂದು ಅವಳ ಕಿವಿಯಲ್ಲಿ ಹೇಳಿದೆ. ಯಾರೂ ಸತ್ತಿಲ್ಲ ನಾನಾಯ್, ಇವು ಕಾರಿನ ಜಾಗ ಕಾಯುವ ಕುರ್ಚಿಗಳು ಎಂದೆ. ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. "ಯಾರೂ ಸತ್ತಿಲ್ವಾ? ಹಾಗಾದ್ರೆ ಈ ಮನುಷ್ಯ ಯಾಕೋ ಅಳ್ತಿದಾನೆ?" ಎರಡು ವರ್ಷ ಹಳೆಯ ಸಾವು ಎಂದದ್ದಕ್ಕೆ, "ಯಾರೂ ಬಂದು ಕೂತೇ ಇಲ್ಲ ಅಂದ್ಮೇಲೆ ದಿನದ ಲೆಕ್ಕ ಶುರುವೇ ಆಗಿಲ್ಲ. ಇವತ್ತು ಒಂದನೇ ದಿನ" ಎಂದು ಘೋಷಿಸಿ, ಸತ್ತವರಿಗಾಗಿ ನಮ್ಮಲ್ಲಿ ಮಾಡುವ ನಲವತ್ತು ದಿನದ ಪ್ರಾರ್ಥನೆಗೆ ಅಲ್ಲೇ ಮುಹೂರ್ತ ಮಾಡಿಬಿಟ್ಟಳು. ಮಾನ್ಯರೇ, ನಲವತ್ತನೆಯ ದಿನ ಫೆಬ್ರವರಿ ಇಪ್ಪತ್ತೆರಡಕ್ಕೆ ಬೀಳುತ್ತದೆ. ಹದಿನೆಂಟರ ವಿಮಾನವನ್ನು ಇಪ್ಪತ್ತನಾಲ್ಕಕ್ಕೆ ಹಾಕಿಸಲು ಅವಳೇ ಫೋನು ಮಾಡಿ, ನೆರೆಮನೆಯಲ್ಲಿ ಸಾವಾಗಿದೆ ಎಂದಳು. ಯಾವತ್ತು ತೀರಿಕೊಂಡರೆಂದು ಆ ಕಡೆಯ ಹುಡುಗಿ ಕೇಳಿದಾಗ, "ಎರಡು ವರ್ಷ ಆಯ್ತಮ್ಮಾ, ಆದ್ರೆ ನಂಗೆ ಈಗ ಗೊತ್ತಾಗಿದ್ದು" ಎಂದಳು. ಟಿಕೆಟ್ಟು ಬದಲಾಯಿತು.

ಅಂದಿನಿಂದ ಇಂದಿನವರೆಗೆ ನನ್ನ ತಾಯಿ ಪ್ರತಿ ಸಂಜೆ ಬೊಗ್ದಾನರ ಅಡುಗೆಮನೆಯಲ್ಲಿ ತಮ್ಮ ಮೇಲೆ ಆಸೀನಳಾಗಿರುತ್ತಾಳೆ. ತಾವಂತೂ ಬೀದಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಒಳಗೆ ಬೆಚ್ಚಗೆ ಸೇರಿಕೊಂಡಿದ್ದೀರಿ. ಬೀದಿಯವರೆಲ್ಲ ಅಲ್ಲಿರುತ್ತಾರೆ. ಪೆಟ್ಟಿಗೆ ಮಾತ್ರ ನಮ್ಮ ಮನೆಯಲ್ಲಿ ತುಂಬಿಕೊಂಡು ನಿಂತಿದೆ. ಉಳಿಯುತ್ತೀಯಾ ಎಂದು ಕೇಳಲು ನನಗೆ ಧೈರ್ಯವಿಲ್ಲ, ಅವಳಾಗಿ ಹೇಳಿಯೂ ಇಲ್ಲ. ಹೋದೋಳು ಮತ್ತೆ ಬರಲ್ಲ ಎಂದವಳು ಅವಳು, ಆಡಿದ ಮಾತಿಗೆ ತಪ್ಪುವವಳಲ್ಲ. ಇದನ್ನು ಬರೆಯಲು ಗೌರವದ ಭಾಷೆ ನನಗೆ ತಿಳಿಯದು.

ಆದಕಾರಣ ತಮ್ಮಲ್ಲಿ ಕಳಕಳಿಯ ವಿನಂತಿ. ಕಂದು ವ್ಯಾನನ್ನು ಎಬ್ಬಿಸಿ ಕಳಿಸಬೇಕೆಂದು ಕೇಳಲು ಆರಂಭದಲ್ಲಿ ಯೋಚಿಸಿದ್ದೆ, ಅದು ಹಾಳಾಗಲಿ. ಈ ಮಹಾನಗರದಲ್ಲಿ ತಾವು ಕೂತ ಜಾಗಕ್ಕೆ ಬೇರೆ ಯಾರೂ ಕಾಲಿಡಲಾರರಷ್ಟೆ. ಇಪ್ಪತ್ತನಾಲ್ಕರ ಬೆಳಿಗ್ಗೆ ತಾವು ದಯಮಾಡಿ ವಿಮಾನ ನಿಲ್ದಾಣಕ್ಕೆ ಬಿಜಯಂಗೈದು, ತಪಾಸಣೆಯವರ ಮುಂದೆ ಕಾಲು ಮಡಚದೆ ಸಾಗಿ, ನಲವತ್ತೊಂದನೆಯ ಸಾಲಿನ ಕಿಟಕಿ ಬದಿಯ ಸೀಟಿನ ಮೇಲೆ ಹತ್ತಿ ಕೂತುಬಿಡಬೇಕು. ತಮ್ಮನ್ನು ಸರಿಸಿ ಕೂರುವ ಎದೆಗಾರಿಕೆ ಗಗನಸಖಿಯರಿಗೂ ಇರಲಾರದು. ನನ್ನ ತಾಯಿಯಾದರೂ ಆ ಜಾಗ ಇನ್ಯಾರದೋ ಎಂದುಕೊಂಡು ಮನೆಗೆ ವಾಪಸು ಬಂದಾಳು. ಇದಕ್ಕೆ ಪ್ರತಿಯಾಗಿ ತಮ್ಮ ಹರಿದ ಸೀಟಿಗೆ ಹೊಸ ರೆಕ್ಸಿನ್ ಹೊದಿಸುತ್ತೇನೆ, ಬಣ್ಣ ತಾವು ಹೇಳಿದ್ದು. ಇಷ್ಟೂ ಆಗದಿದ್ದರೆ, ಜಾಗ ಕಾಯುವುದರಲ್ಲಿ ತಮಗಿರುವ ದೀರ್ಘ ಅನುಭವದಿಂದ, ಒಬ್ಬರು ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ಅವರ ಕುರ್ಚಿಯನ್ನು ಏನು ಮಾಡಬೇಕೆಂದಾದರೂ ನನಗೆ ತಿಳಿಸಿಕೊಡಬೇಕು.

ಹನ್ನೊಂದು ಬೀದಿ ಆಚೆ ಕಾರು ನಿಲ್ಲಿಸಿ, ಬಿದ್ದೆದ್ದು ನಡೆದು ಬಂದರೂ ತಮ್ಮಲ್ಲಿ ಇಟ್ಟ ನಂಬಿಕೆ ಜಾರಿಬೀಳದ
ತಮ್ಮ ವಿಶ್ವಾಸಿ,
ನೆಸ್ಟರ್ ಪಲ್ಮಾರೆಸ್

ತಾ.ಕ.: ಇಂದು ಇಪ್ಪತ್ತನಾಲ್ಕು. ತಾವು ವಿಮಾನ ನಿಲ್ದಾಣಕ್ಕೆ ಬರಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ನಿನ್ನೆ ಮತ್ತೆ ಒಂದಡಿ ಹಿಮ ಬಿದ್ದಿತ್ತು. ಕಂದು ವ್ಯಾನು ತೊಲಗಿದ್ದರಿಂದ ನಾನು ಹೊಸದಾಗಿ ಜಾಗ ತೋಡಿ ಕಾರು ತಂದು ನಿಲ್ಲಿಸಿದ್ದೆ. ಬೆಳಿಗ್ಗೆ ನಾನಾಯ್‌ಳನ್ನು ಕರೆದೊಯ್ಯಲು ಕಾರು ಹೊರಗೆ ತೆಗೆದು ಫ್ಯಾನು ನಿಲ್ಲಿಸಿದೆನಷ್ಟೇ, ಅವಳು "ತಾಳೋ" ಎಂದು ಒಳಗೆ ಹೋಗಿ, ನಮ್ಮ ಅಡುಗೆಮನೆಯಲ್ಲಿ ತಾನು ಕೂರುತ್ತಿದ್ದ ಕುರ್ಚಿಯನ್ನು ಹೊತ್ತು ತಂದು, ಫ್ಯಾನನ್ನು ಬದಿಗೆ ತಳ್ಳಿ, ಖಾಲಿ ಜಾಗದ ನಟ್ಟನಡುವೆ ಇಟ್ಟಳು. "ಊರಿನ ಮನೆ ಯಾರಿಗಾದ್ರೂ ಒಪ್ಪಿಸಿ ಬರೋಕೆ ಎರಡು ತಿಂಗಳು ಬೇಕು. ನಾನು ವಾಪಸ್ ಬರೋವರೆಗೂ ಇದು ನನ್ನ ಜಾಗ. ಇಲ್ಲಿಯೋರು ಕುರ್ಚಿ ಇಟ್ಟಿದ್ದನ್ನ ಮುಟ್ಟಲ್ಲ ತಾನೇ?" ಅದು ಕಾರಿಗೆ ನಾನಾಯ್, ನಿನಗೆ ಕಾರೇ ಇಲ್ಲ ಎಂದೆ. ಮೂರನೆಯ ಮನೆಯ ಮೆಟ್ಟಿಲ ಮೇಲಿಂದ ಬೊಗ್ದಾನರು, "ಏಯ್! ಅವರು ಕುರ್ಚಿ ಇಟ್ಟಾಯ್ತು. ಬೀದೀಲಿ ಯಾರಾದ್ರೂ ಮುಟ್ಟಿದ್ರೆ ಪೈಪು ನನ್ನತ್ರ ಇದೆ" ಎಂದು ಗುಡುಗಿದರು, ನೋಡಿದ್ದು ನನ್ನನ್ನೇ. ಅವಳನ್ನು ವಿಮಾನ ಹತ್ತಿಸಿ ಬಂದೆ. ಇವತ್ತೂ ಕಾರು ಹನ್ನೊಂದು ಬೀದಿ ಆಚೆ ಇದೆ. ಏಪ್ರಿಲ್ ಕೊನೆಯವರೆಗೂ ಅಲ್ಲೇ ಇರುತ್ತದೆ. ಈಗಷ್ಟೇ ಹೊರಗೆ ಹೋಗಿ ಅವಳ ಕುರ್ಚಿಯ ಮೇಲಿನ ಹಿಮ ಒರೆಸಿ ಬಂದೆ.